ಎಣಿಸಿದ್ದಕ್ಕಷ್ಟೇ ದುಡ್ಡು

ಮಗು ಹುಟ್ಟಿದ ಮೂರನೇ ದಿನಕ್ಕೆ ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬರುತ್ತಾರೆ. ಮತ್ತೆ ಏಳನೇ ದಿನ, ಹದಿನಾಲ್ಕನೇ ದಿನ, ಇಪ್ಪತ್ತೊಂದು, ಇಪ್ಪತ್ತೆಂಟು, ಕೊನೆಗೆ ನಲವತ್ತೆರಡು. ಮಗುವನ್ನು ತೂಗುತ್ತಾರೆ, ಹೊಕ್ಕುಳು ಒಣಗಿದೆಯೇ ನೋಡುತ್ತಾರೆ, ಮೈ ತಣ್ಣಗಾಗಿದೆಯೇ ಮುಟ್ಟಿ ನೋಡುತ್ತಾರೆ, ಹಾಲು ಎಳೆಯುತ್ತಿದೆಯೇ ವಿಚಾರಿಸುತ್ತಾರೆ. ಈ ಅಷ್ಟೂ ಭೇಟಿಗೆ ಅವರಿಗೆ ಸಿಗುವುದು 250 ರೂಪಾಯಿ. 2011ರಲ್ಲಿ ಈ ಯೋಜನೆ ಬಂದಾಗ ಕೇಂದ್ರದ ಮಾರ್ಗಸೂಚಿ ಆ ದುಡ್ಡಿಗೆ ಕೆಲವು ಷರತ್ತು ಹಾಕಿತು. ತೂಕ ಬರೆದಿರಬೇಕು, ಲಸಿಕೆ ಹಾಕಿಸಿರಬೇಕು, ಜನನ ನೋಂದಣಿ ಆಗಿರಬೇಕು, ಮತ್ತು 42ನೇ ದಿನದವರೆಗೆ ತಾಯಿ, ಮಗು ಇಬ್ಬರೂ ಕ್ಷೇಮವಾಗಿರಬೇಕು.

ಕೊನೆಯ ಷರತ್ತನ್ನು ಇನ್ನೊಮ್ಮೆ ಓದಿ. ಕಡಿಮೆ ತೂಕದ ಕೂಸು ಇಪ್ಪತ್ತೈದನೇ ದಿನ ಕಣ್ಣುಮುಚ್ಚಿತೆಂದರೆ ಆಶಾ ಅಕ್ಕ ಅಲ್ಲಿಯವರೆಗೆ ತಿರುಗಿದ್ದು ಲೆಕ್ಕಕ್ಕಿಲ್ಲ. ಯಾವ ಕೂಸು ಉಳಿಯುವುದು ಕಷ್ಟವೋ ಆ ಮನೆಗೇ ಹೆಚ್ಚು ಸಲ ಹೋಗಬೇಕಾದದ್ದು. ನಿಯಮ ಮಾತ್ರ ಆ ಮನೆಯ ಕೆಲಸವನ್ನೇ ಅತ್ಯಂತ ಅನಿಶ್ಚಿತ ದುಡಿಮೆ ಮಾಡಿತು. ಇದನ್ನು ಬರೆದವರು ಕೆಡುಕು ಬಯಸಿದವರಲ್ಲ. ಕಾಗದದ ಮೇಲಿನ ಭೇಟಿಗೆ ದುಡ್ಡು ಹೋಗಬಾರದು, ಬದುಕಿದ ಮಗುವಿಗೆ ಹೋಗಬೇಕು ಎಂಬ ಒಳ್ಳೆಯ ಉದ್ದೇಶವೇ ಅಲ್ಲಿತ್ತು. ಆರೋಗ್ಯ ಸೇವೆಯಲ್ಲಿ ಸಾಧನೆ ನೋಡಿ ಸಂಬಳ ಕೊಡುವ ಪದ್ಧತಿಯ ಸಂಕಟ ಇರುವುದೇ ಇಲ್ಲಿ. ಉದ್ದೇಶ ಸರಿಯಿದ್ದೂ ಫಲ ಬೇರೆಯಾಗುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೊಳಕೂರದಂಥ ಊರಿನಲ್ಲಿ ‘ಫ್ಯಾಮಿಲಿ ಡಾಕ್ಟರ್’ ಎಂದು ಯಾರನ್ನು ಕರೆಯಬೇಕು? ನಗರದವರು ಅಂದುಕೊಳ್ಳುವಂತೆ ಮೂರು ತಲೆಮಾರು ನೋಡಿದ ಒಬ್ಬ ವೈದ್ಯರು ಇಂಥ ಕಡೆ ಸಿಗುವುದು ಅಪರೂಪ. ಆ ಕೆಲಸ ನಾಲ್ಕಾರು ಜನರ ನಡುವೆ ಹಂಚಿಹೋಗಿದೆ. ಮೊದಲ ಬಾಗಿಲು ಆಶಾ ಕಾರ್ಯಕರ್ತೆ. ಆಮೇಲೆ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಜನರ ಬಾಯಲ್ಲಿ ‘ಸಿಎಚ್‌ಒ’. ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಎಂಬಿಬಿಎಸ್ ವೈದ್ಯರು. ಇವರ ನಡುವೆ, ಹೊತ್ತಲ್ಲದ ಹೊತ್ತಿನಲ್ಲೂ ಬಾಗಿಲು ತೆರೆದು ಸೂಜಿ ಮಾಡುವ, ಸಲಾಯಿನ್ ಹಚ್ಚುವ ಆರ್‌ಎಂಪಿ. ಮೀರಿದರೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ ಜಿಮ್ಸ್ ಅಥವಾ ಖಾಸಗಿ ದವಾಖಾನಿ.

ಇವರಲ್ಲಿ ಒಬ್ಬೊಬ್ಬರ ದುಡಿಮೆಯೂ ಒಂದೊಂದು ಲೆಕ್ಕಕ್ಕೆ ಕಟ್ಟಿಕೊಂಡಿದೆ. ಆರ್‌ಎಂಪಿಗೆ ಸೂಜಿಯ ಲೆಕ್ಕ. ಖಾಸಗಿ ದವಾಖಾನಿಗೆ ಆಪರೇಷನ್ ಲೆಕ್ಕ. ಸಿಎಚ್‌ಒಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ತಿಂಗಳಿಗೆ 40 ಸಾವಿರ ರೂಪಾಯಿವರೆಗೆ ಸಿಗಬಹುದು, ಆದರೆ ಅದರಲ್ಲಿ 15 ಸಾವಿರದವರೆಗೆ ಸಾಧನೆಗೆ ಕಟ್ಟಿದ್ದು: ಹೊರರೋಗಿಗಳೆಷ್ಟು, ಬಿಪಿ–ಶುಗರ್ ಇರುವವರಲ್ಲಿ ಔಷಧಿ ಪಡೆದವರೆಷ್ಟು, ಯೋಗ ತರಗತಿ ಎಷ್ಟು, ದೂರವಾಣಿ ಸಮಾಲೋಚನೆ ಎಷ್ಟು. ಆಶಾಗೆ ಹೆರಿಗೆ, ಲಸಿಕೆ, ಕ್ಷಯ, ಕುಟುಂಬ ಯೋಜನೆ, ಸಮೀಕ್ಷೆಯ ಅರ್ಜಿ ಹೀಗೆ ಪ್ರತಿಯೊಂದಕ್ಕೂ ಒಂದು ದರ. ಸರ್ಕಾರಿ ವೈದ್ಯರ ಮೂಲ ಸಂಬಳ ಮಾತ್ರ ಈ ಎಣಿಕೆಯಿಂದ ಹೊರಗಿದೆ. ಆದರೆ ತಿಂಗಳ ಪರಿಶೀಲನಾ ಸಭೆಯಲ್ಲಿ ಅವರನ್ನು ನಿಲ್ಲಿಸಿ ಕೇಳುವುದೂ ಇವೇ ಅಂಕಿಗಳನ್ನು.

ಈ ದಾರಿಯಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಪ್ರಯೋಗ ಮಾಡಿದ್ದು ಬ್ರಿಟನ್. 2004ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ ಕುಟುಂಬ ವೈದ್ಯರ ಆದಾಯದ ದೊಡ್ಡ ಪಾಲನ್ನು 146 ಸೂಚಕಗಳಿಗೆ ಕಟ್ಟಿತು. ಒಟ್ಟು 1,050 ಅಂಕ, ಅಂಕಕ್ಕೆ ಇಷ್ಟು ಪೌಂಡ್. ವೈದ್ಯರು ಮುಕ್ಕಾಲು ಪಾಲು ಅಂಕ ಗಳಿಸಬಹುದು ಎಂದು ಸರ್ಕಾರ ಅಂದಾಜಿಸಿತ್ತು. ಮೊದಲ ವರ್ಷವೇ ಅವರು ಶೇ 90 ದಾಟಿದರು. ಮಧುಮೇಹ, ಅಸ್ತಮಾ ಆರೈಕೆ ನಿಜವಾಗಿಯೂ ವೇಗವಾಗಿ ಸುಧಾರಿಸಿತು. ಇದನ್ನು ಮರೆಮಾಚುವ ಅಗತ್ಯವಿಲ್ಲ, ದುಡ್ಡು ಕೆಲಸ ಮಾಡುತ್ತದೆ. ಆದರೆ 2009ರಲ್ಲಿ ಪ್ರಕಟವಾದ ಅಧ್ಯಯನ ಇನ್ನೆರಡು ಸಂಗತಿ ಹೇಳಿತು. ಗುರಿ ಮುಟ್ಟಿದ ಮೇಲೆ ಆ ವೇಗ ತಗ್ಗಿತು. ಅಸ್ತಮಾ, ಹೃದ್ರೋಗದ ಆರೈಕೆಯಲ್ಲಿ ಯಾವ ಕೆಲಸಕ್ಕೆ ಅಂಕವಿರಲಿಲ್ಲವೋ ಅದರ ಗುಣಮಟ್ಟ ಕುಸಿಯಿತು. ಜೊತೆಗೆ, ರೋಗಿಗೆ ತನ್ನದೇ ಪರಿಚಯದ ವೈದ್ಯರು ಸಿಗುವುದೂ ಕಡಿಮೆಯಾಯಿತು.

ಅದೇ ಕಾಲದಲ್ಲಿ ಇನ್ನೊಂದು ಗುರಿಯಿತ್ತು: ರೋಗಿಗೆ 48 ಗಂಟೆಯೊಳಗೆ ವೈದ್ಯರು ಸಿಗಬೇಕು. ಕೆಲವು ಕ್ಲಿನಿಕ್‌ಗಳು ಅದನ್ನು ಸುಲಭವಾಗಿ ಪಾಲಿಸಿದವು. 48 ಗಂಟೆಗಿಂತ ಮುಂಚಿತವಾಗಿ ಸಮಯ ಕಾಯ್ದಿರಿಸುವುದನ್ನೇ ನಿಲ್ಲಿಸಿದವು! ಮುಂದಿನ ವಾರ ಮಗುವನ್ನು ಕರೆತರಬೇಕೆಂದರೆ ತಾಯಿ ಆ ದಿನದ ಹೊತ್ತಿಗೆ ಫೋನ್ ಹಿಡಿದು ಕೂರಬೇಕಾಯಿತು. 2005ರ ಚುನಾವಣೆಯ ಹೊತ್ತಿಗೆ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಮಹಿಳೆಯೊಬ್ಬರು ಇದನ್ನು ಮುಖಾಮುಖಿ ಕೇಳಿದಾಗ ಪ್ರಧಾನಿ ಟೋನಿ ಬ್ಲೇರ್ ತಬ್ಬಿಬ್ಬಾದರು. ಹೀಗಾಗುತ್ತಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಬಿಪಿಯ ವಿಷಯ ಇನ್ನೂ ಸೂಕ್ಷ್ಮ. ಬ್ರಿಟನ್ನಿನಲ್ಲಿ ಅಂಕ ಸಿಗಬೇಕಾದರೆ ಮೇಲಿನ ಬಿಪಿ 150 ಅಥವಾ ಅದಕ್ಕಿಂತ ಕಡಿಮೆ ಇರಬೇಕಿತ್ತು. ಯೋಜನೆ ಬಂದ ಮೇಲೆ ದಾಖಲೆಗಳಲ್ಲಿ 150ರ ಗೆರೆಗಿಂತ ತುಸುವೇ ಕೆಳಗಿನ ಅಂಕಿಗಳು ಹೆಚ್ಚಾದವು, ತುಸುವೇ ಮೇಲಿನವು ಕಡಿಮೆಯಾದವು. ಇದನ್ನು ಬರೀ ಸುಳ್ಳು ಬರೆಹ ಎಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಉಪಕೇಂದ್ರದ ಬೆಂಚಿನ ಮೇಲೆ ಏನಾಗುತ್ತದೆಂದು ನೋಡಿ. ತೊಗರಿ ಹೊಲದಿಂದ ಬಿಸಿಲಲ್ಲಿ ನಡೆದು ಬಂದ ಹೆಣ್ಣುಮಗಳು ಕೂತ ಕೂಡಲೇ ತೋಳಿಗೆ ಪಟ್ಟಿ ಸುತ್ತಿದರೆ 156 ಬರುತ್ತದೆ. ಐದು ನಿಮಿಷ ಬೆನ್ನು ಆನಿಸಿ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಮಾತಾಡಿಸದೆ ಮತ್ತೆ ನೋಡಿದರೆ 146 ಬರಬಹುದು. ಎರಡನೇ ಸಲ ನೋಡುವುದು ಸರಿಯಾದ ವೈದ್ಯಕೀಯ ಕ್ರಮವೇ. ಗುರಿಯ ಒತ್ತಡ ಮಾಡುವ ಕೆಡುಕೆಂದರೆ, 156 ಬಂದವರನ್ನು ಮಾತ್ರ ಇನ್ನೊಮ್ಮೆ ಕೂರಿಸುತ್ತಾರೆ. 146 ಬಂದವರನ್ನು ಮೊದಲ ಸಲಕ್ಕೇ ಎಬ್ಬಿಸಿ ಕಳಿಸುತ್ತಾರೆ. ಅವರಲ್ಲಿ ಯಾರಿಗೆ ಮತ್ತೆ ನೋಡಿದ್ದರೆ 154 ಬರುತ್ತಿತ್ತೋ ಗೊತ್ತಾಗುವುದೇ ಇಲ್ಲ. ಒಂದು ಸುಳ್ಳಂಕಿಯನ್ನೂ ಬರೆಯದೆ, ಒಬ್ಬರೂ ಮೋಸ ಮಾಡದೆ ರಿಜಿಸ್ಟರ್ ಸುಳ್ಳಾಗುತ್ತದೆ. ಈ ಕಾರಣಕ್ಕೇ, ಇಂಥ ವ್ಯವಸ್ಥೆಯ ಚರ್ಚೆಯನ್ನು ಪ್ರಾಮಾಣಿಕರು ಮತ್ತು ಕಳ್ಳರು ಎಂದು ಭಾಗ ಮಾಡಿ ನಡೆಸುವುದನ್ನು ನಾನು ಒಪ್ಪುವುದಿಲ್ಲ.

ಗುರಿ ತಾನೇ ತಪ್ಪಾಗಿರುವ ಅಪಾಯವೂ ಉಂಟು. ಮಧುಮೇಹಿಗಳ ಮೂರು ತಿಂಗಳ ಸರಾಸರಿ ಸಕ್ಕರೆ ಅಂಶ 7.5ರೊಳಗಿದ್ದರೆ ಅಂಕ ಎಂದಿದ್ದ ಬ್ರಿಟನ್ 2009ರಲ್ಲಿ ಅದನ್ನು 7ಕ್ಕೆ ಇಳಿಸಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ ಅಮೆರಿಕದಲ್ಲಿ ನಡೆಯುತ್ತಿದ್ದ ‘ಅಕಾರ್ಡ್’ ಎಂಬ ದೊಡ್ಡ ಪ್ರಯೋಗವು, ಸಕ್ಕರೆಯನ್ನು ಬಲವಂತವಾಗಿ ತೀರಾ ಕೆಳಗಿಳಿಸಿದ ಗುಂಪಿನಲ್ಲಿ ಸಾವು ಹೆಚ್ಚು ಕಂಡದ್ದರಿಂದ ಆ ಭಾಗವನ್ನು ನಿಲ್ಲಿಸಿತ್ತು. ವೈದ್ಯರ ಆಕ್ಷೇಪದ ನಂತರ 2011ರಲ್ಲಿ ಗುರಿ ಮತ್ತೆ 7.5ಕ್ಕೆ ಬಂತು. ಪಠ್ಯದಲ್ಲಿನ ತಪ್ಪನ್ನು ವೈದ್ಯರು ತಮ್ಮ ವಿವೇಕದಿಂದ ತಿದ್ದಿಕೊಳ್ಳಬಹುದು. ಸಂಬಳಕ್ಕೆ ಕಟ್ಟಿದ ತಪ್ಪನ್ನು ತಿದ್ದಿಕೊಳ್ಳಲು ಅವರು ತಮ್ಮ ಗಳಿಕೆಯನ್ನೇ ಬಿಡಬೇಕಾಗುತ್ತದೆ.

ಇನ್ನು ನಮ್ಮ ರಾಜ್ಯ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಾಗ ಆಸ್ಪತ್ರೆ ಹೆರಿಗೆಗೆ ದುಡ್ಡು ಕಟ್ಟಲಾಯಿತು, ತಾಯಿಗೂ ಆಶಾಗೂ. ಹಳ್ಳಿಯ ಆಶಾಗೆ ಈಗ 600 ರೂಪಾಯಿ, ಅದರಲ್ಲಿ 300 ಗರ್ಭಿಣಿಯ ತಪಾಸಣೆಗಳಿಗೆ, 300 ಆಸ್ಪತ್ರೆ ಹೆರಿಗೆಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 2005–06ರಲ್ಲಿ ಶೇ 65ರಷ್ಟಿದ್ದ ಆಸ್ಪತ್ರೆ ಹೆರಿಗೆ 2019–20ರ ಸಮೀಕ್ಷೆಯ ಹೊತ್ತಿಗೆ ಶೇ 97ಕ್ಕೆ ಏರಿತು. ರಸ್ತೆ, 108 ಆಂಬುಲೆನ್ಸ್, ಓದಿದ ಸೊಸೆಯಂದಿರು ಎಲ್ಲ ಸೇರಿ ಆದ ಬದಲಾವಣೆ ಇದು. ಆಶಾ ಅಕ್ಕಂದಿರು ರಾತ್ರಿ ಟಂಟಂ ಹತ್ತಿಸಿಕೊಂಡು ದವಾಖಾನಿಗೆ ಕರೆದೊಯ್ದ ಸಾವಿರಾರು ಹೆರಿಗೆಗಳೂ ಅದರಲ್ಲಿವೆ.

ಅದೇ ಸಮೀಕ್ಷೆಯ ಇನ್ನೊಂದು ಸಾಲು ನೋಡಿ. ರಕ್ತಹೀನತೆ ಇರುವ ಗರ್ಭಿಣಿಯರು ರಾಜ್ಯದಲ್ಲಿ 2015–16ರಲ್ಲಿ ಶೇ 45.4. ಮುಂದಿನ ಸಮೀಕ್ಷೆಯಲ್ಲಿ ಶೇ 45.7. ಅಲ್ಲಾಡಿಲ್ಲ. ರಕ್ತಹೀನತೆಗೆ ಬಡತನ, ಊಟ, ಚಿಕ್ಕ ವಯಸ್ಸಿನ ಮದುವೆ ಎಲ್ಲ ಕಾರಣ. ಆದರೂ ಆರೋಗ್ಯ ವ್ಯವಸ್ಥೆ ಇಲ್ಲಿ ಎಣಿಸುವುದೇನು ಎಂಬುದು ಮುಖ್ಯ. ಹಂಚಿದ ಕಬ್ಬಿಣದ ಗುಳಿಗೆಗಳನ್ನು ಎಣಿಸುತ್ತದೆ. ಗುಳಿಗೆ ಹೊಟ್ಟೆಗೆ ಹೋಯಿತೇ? ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೆದರಿಸಿರುತ್ತಾಳೆ. ಊಟವಾದ ಮೇಲೆ ಚಹಾದ ಜೊತೆ ನುಂಗಿದರೆ ಅರ್ಧ ವ್ಯರ್ಥ. ರಾತ್ರಿ ಮಲಗುವಾಗ ತಗೋ, ಲಿಂಬೆಹಣ್ಣು ಹಿಂಡಿದ ನೀರಿನ ಜೊತೆ ತಗೋ, ಚಹಾ ಎರಡು ತಾಸು ಬಿಟ್ಟು ಕುಡಿ ಎಂದು ಅತ್ತೆಯನ್ನೂ ಕೂರಿಸಿಕೊಂಡು ಹೇಳಬೇಕು. ಮುಂದಿನ ವಾರ ಹೋಗಿ ಗುಳಿಗೆ ಪಟ್ಟಿಯಲ್ಲಿ ಎಷ್ಟು ಉಳಿದಿದೆ ನೋಡಬೇಕು. ಅರ್ಧ ಗಂಟೆಯ ಆ ಮಾತಿಗೆ ದರಪಟ್ಟಿಯಲ್ಲಿ ಪ್ರತ್ಯೇಕ ಸಾಲಿಲ್ಲ. ಹೆರಿಗೆಗೆ ದುಡ್ಡಿತ್ತು, ಹೆರಿಗೆ ಆಸ್ಪತ್ರೆಗೆ ಬಂತು. ರಕ್ತ ಮಾತ್ರ ಮೊದಲಿನಷ್ಟೇ ಕಮ್ಮಿ ಇದೆ.

ಗುರಿಯ ಪಟ್ಟಿಯಿಂದ ಪೂರ್ತಿ ಜಾರಿಹೋಗುವವರೂ ಇದ್ದಾರೆ. ಚೊಚ್ಚಲ ಬಸುರಿ ಏಳು–ಎಂಟನೇ ತಿಂಗಳಿಗೆ ತವರಿಗೆ ಹೋಗುವುದು ನಮ್ಮ ಕಡೆಯ ರೂಢಿ. ತಾಯಿ ಕಾರ್ಡ್ ಗಂಡನ ಊರಿನದು, ಹೆರಿಗೆ ತವರೂರಿನ ಆಶಾ ವ್ಯಾಪ್ತಿಯಲ್ಲಿ. ಕಾರ್ಡಿನ ನಂಬರ್ ಕಂಪ್ಯೂಟರಿನಲ್ಲಿ ಹೊಂದಿಕೆಯಾಗದಿದ್ದರೆ ಇಬ್ಬರಲ್ಲಿ ಒಬ್ಬರ ದುಡ್ಡು ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅತಿ ಎಚ್ಚರ ಬೇಕಾದ ಆ ಕೊನೆಯ ಎರಡು ತಿಂಗಳು ಬಸುರಿ ಯಾರ ರಿಜಿಸ್ಟರಿಗೂ ಸರಿಯಾಗಿ ಸೇರುವುದಿಲ್ಲ. ಸುಗ್ಗಿ ಮುಗಿಸಿ ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬದ ಮಗುವಿನದು ಇದಕ್ಕಿಂತ ಕಷ್ಟ. ಎರಡು ಡೋಸ್ ಇಲ್ಲಿ, ಮೂರನೆಯದು ಎಲ್ಲೋ, ಅಥವಾ ಎಲ್ಲೂ ಇಲ್ಲ. ‘ಪೂರ್ಣ ಲಸಿಕೆ’ಗೆ ಮಾತ್ರ ದುಡ್ಡು ಎಂದಮೇಲೆ ಅರ್ಧ ಲಸಿಕೆಯ ಮಗುವನ್ನು ಹುಡುಕಿಕೊಂಡು ಹೋಗುವುದು ಆಶಾಳ ಒಳ್ಳೆಯತನಕ್ಕೆ ಬಿಟ್ಟ ವಿಷಯ. ಅವರಲ್ಲಿ ಆ ಒಳ್ಳೆಯತನ ಧಾರಾಳವಾಗಿದೆ. ಅದರ ಮೇಲೆ ಒಂದು ಇಲಾಖೆ ನಡೆಯುವುದು ಅನ್ಯಾಯ.

ರಾಜ್ಯದ 42 ಸಾವಿರ ಆಶಾ ಕಾರ್ಯಕರ್ತೆಯರು 2020ರಲ್ಲಿ, ಕೋವಿಡ್ ನಡುವೆಯೇ, ಜುಲೈ ತಿಂಗಳಲ್ಲಿ ಕೆಲಸ ನಿಲ್ಲಿಸಿದ್ದು ಇದೇ ಬೇಗುದಿಯಿಂದ. ಬಿಡಿಬಿಡಿ ಪ್ರೋತ್ಸಾಹಧನದ ಬದಲು ತಿಂಗಳಿಗೆ ಇಷ್ಟು ಎಂದು ಖಚಿತವಾಗಿ ಕೊಡಿ ಎಂಬುದು ಅವರ ಬೇಡಿಕೆಯಾಗಿತ್ತು. ಮಾಡಿದ ಕೆಲಸ ಪೋರ್ಟಲಿನಲ್ಲಿ ದಾಖಲಾಗದೆ ದುಡ್ಡು ಬರುತ್ತಿಲ್ಲ ಎಂಬ ದೂರು ಅದಕ್ಕೂ ಹಳೆಯದು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿ ಹೋರಾಡಿದ ಮೇಲೆ, ಏಪ್ರಿಲ್‌ನಿಂದ ಕನಿಷ್ಠ 10 ಸಾವಿರ ರೂಪಾಯಿ ಸಿಗುವಂತೆ ಮಾಡುವ ಭರವಸೆಯನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟರು. ಈ ಹೋರಾಟವನ್ನು ಕೂಲಿ ಜಗಳವೆಂದು ನೋಡುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಚಿಕಿತ್ಸೆಯ ಗುಣಮಟ್ಟದ ಪ್ರಶ್ನೆಯೂ ಹೌದು. ಖಚಿತ ಆದಾಯವಿದ್ದವರಷ್ಟೇ ದುಡ್ಡಿಲ್ಲದ ಅರ್ಧ ಗಂಟೆಯನ್ನು ರೋಗಿಗೆ ಕೊಡಬಲ್ಲರು.

ಈಗ ಕಲಬುರಗಿ ಮರೆಯಬಾರದ ಒಂದು ಪ್ರಕರಣಕ್ಕೆ ಬರುತ್ತೇನೆ. 2015ರಲ್ಲಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ದಲಿತ ಹೆಣ್ಣುಮಕ್ಕಳು ಬೀದಿಗೆ ಬಂದು ಹೇಳಿದ ಮೇಲೆ ಹೊರಬಿದ್ದ ಸಂಗತಿ ಇದು. ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರ ಗರ್ಭಚೀಲ ತೆಗೆಯಲಾಗಿತ್ತು. ಅನೇಕರಿಗೆ ನಲವತ್ತೂ ಆಗಿರಲಿಲ್ಲ. ಸೊಂಟ ನೋವು, ಬಿಳಿ ಹೋಗುವುದು, ಹೊಟ್ಟೆ ನೋವು ಎಂದು ಹೋದವರಿಗೆ, ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿದ್ದರು ಎಂಬುದು ಅವರ ದೂರು. ಸಾಲ ಮಾಡಿ, ಒಡವೆ ಅಡವಿಟ್ಟು ಮಾಡಿಸಿಕೊಂಡ ಆಪರೇಷನ್‌ನಿಂದ ಕೂಲಿಗೆ ಬಗ್ಗಲಾಗದ ಸ್ಥಿತಿಗೆ ಬಂದವರು ಅವರಲ್ಲಿದ್ದರು. ತನಿಖೆ ನಡೆಯಿತು, ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಮಾತು ಬಂತು, ಹೋರಾಟ ವರ್ಷಗಟ್ಟಲೆ ನಡೆಯಿತು. ಇಂಥವೇ ದೂರುಗಳು ಬಿಹಾರ, ರಾಜಸ್ಥಾನ, ಛತ್ತೀಸಗಡದಿಂದಲೂ ಬಂದು, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು.

ಇದು ಖಾಸಗಿಯವರ ದುರಾಸೆ, ಸರ್ಕಾರಿ ಪ್ರೋತ್ಸಾಹಧನಕ್ಕೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಸಂಬಂಧವಿದೆ. ಆ ಹೆಣ್ಣುಮಕ್ಕಳ ಮೊದಲ ದೂರು ಬಿಳಿ ಹೋಗುವುದು, ಸೊಂಟ ನೋವು. ಬಹಳಷ್ಟು ಸಲ ಗುಳಿಗೆಯಲ್ಲಿ ವಾಸಿಯಾಗುವ ಸೋಂಕು ಅದು. ಬಸುರಿಯಾಗಿದ್ದರೆ ಅವರು ಒಂದು ನಂಬರ್. ಬಾಣಂತಿಯಾಗಿದ್ದರೆ ಒಂದು ನಂಬರ್. ಸಂತಾನಹರಣ ಮಾಡಿಸಿಕೊಳ್ಳುವುದಾದರೆ ಇನ್ನೊಂದು. ಆ ಮೂರೂ ಮುಗಿದ ಮೂವತ್ತರ ಆಸುಪಾಸಿನ ಹೆಣ್ಣು, ಗಂಡಸರ ಮುಂದೆ ಹೇಳಿಕೊಳ್ಳಲಾಗದ ನೋವು ಹೊತ್ತು ಬಂದರೆ, ಅವಳ ಮಾತಿಗೆ ಸರ್ಕಾರದ ಗುರಿಪಟ್ಟಿಯಲ್ಲಿ ಜಾಗ ಕಡಿಮೆ. ಪರದೆ ಇರುವ ಕೋಣೆ ಬೇಕು, ಮಹಿಳಾ ವೈದ್ಯರು ಬೇಕು, ಹತ್ತು ನಿಮಿಷ ಬೇಕು. ಸರ್ಕಾರಿ ದವಾಖಾನಿಯಲ್ಲಿ ಯಾರ ಲೆಕ್ಕಕ್ಕೂ ಬಾರದ ಅದೇ ನೋವು, ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಅತಿ ಹೆಚ್ಚು ದುಡ್ಡು ತರುವ ಲೆಕ್ಕವಾಯಿತು. ಎರಡು ಬಗೆಯ ಎಣಿಕೆಗಳ ನಡುವಿನ ಕಂದಕದಲ್ಲಿ ತಾಂಡಾದ ಹೆಣ್ಣುಮಕ್ಕಳು ಬಿದ್ದರು.

ಗುರಿಗಾಗಿ ಶಸ್ತ್ರಚಿಕಿತ್ಸೆ ಮಾಡುವುದರ ಪರಿಣಾಮ ಈ ದೇಶಕ್ಕೆ ಹೊಸದೂ ಅಲ್ಲ. ತುರ್ತು ಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು. 1996ರಲ್ಲಿ ಕೇಂದ್ರ ಗುರಿಗಳನ್ನು ಕೈಬಿಟ್ಟೆವೆಂದಿತು, ಕೇಸಿಗೆ ಇಷ್ಟು ಎಂಬ ದುಡ್ಡು ಮಾತ್ರ ಉಳಿಯಿತು. 2014ರ ನವೆಂಬರ್‌ನಲ್ಲಿ ಛತ್ತೀಸಗಡದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಹಾಗಾದರೆ ಕೆಲಸಕ್ಕೂ ದುಡ್ಡಿಗೂ ನಂಟೇ ಬೇಡವೇ? ಈ ಪ್ರಶ್ನೆಗೆ ಕರ್ನಾಟಕದ ಹಳ್ಳಿಗಳಲ್ಲೇ ನಡೆದ ಪ್ರಯೋಗವೊಂದು ಕುತೂಹಲದ ಉತ್ತರ ಕೊಡುತ್ತದೆ. ಗ್ರಾಮೀಣ ಭಾಗದಲ್ಲಿ ಹೆರಿಗೆ ಮಾಡಿಸುವ ಖಾಸಗಿ ವೈದ್ಯರನ್ನು ಸಂಶೋಧಕ ಮನೋಜ್ ಮೋಹನನ್ ಮತ್ತು ಸಂಗಡಿಗರು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ, ಸರಿಯಾದ ಕ್ರಮ ಪಾಲಿಸಿದರೆ ದುಡ್ಡು. ಇನ್ನೊಂದಕ್ಕೆ, ತಾಯಿ–ಮಗುವಿನ ಸ್ಥಿತಿ ಚೆನ್ನಾಗಿದ್ದರೆ ದುಡ್ಡು. ಮತ್ತೊಂದಕ್ಕೆ ಎರಡೂ ಇಲ್ಲ. ಹೆರಿಗೆಯ ನಂತರದ ಅತಿ ರಕ್ತಸ್ರಾವ, ಅಂದರೆ ತಾಯಂದಿರನ್ನು ಅತಿ ಹೆಚ್ಚು ಬಲಿ ತೆಗೆದುಕೊಳ್ಳುವ ತೊಂದರೆ, ಎರಡೂ ಗುಂಪುಗಳಲ್ಲಿ ಗಣನೀಯವಾಗಿ ಇಳಿಯಿತು. ಫಲಿತಾಂಶಕ್ಕೆ ದುಡ್ಡು ಕೊಟ್ಟಾಗ ಹೆಚ್ಚು ಓದಿದ ವೈದ್ಯರು ಹೊಸ ದಾರಿ ಹುಡುಕಿ ಮುಂದೆ ಹೋದರು. ಕ್ರಮಕ್ಕೆ ಕೊಟ್ಟಾಗ ಹೆಚ್ಚು ಓದಿದವರು, ಕಡಿಮೆ ಓದಿದವರು ಒಂದೇ ಸಮ ನಡೆದರು. ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಫಲಿತಾಂಶಕ್ಕಿಂತ ಎಣಿಸಿದ ರೀತಿ. ವೈದ್ಯರ ರಿಜಿಸ್ಟರ್ ನೋಡಿ ದುಡ್ಡು ಕೊಡಲಿಲ್ಲ. ಹೆರಿಗೆಯಾದ ತಾಯಂದಿರ ಮನೆಗೆ ಹೋಗಿ, ಏನೇನಾಯಿತೆಂದು ಅವರನ್ನೇ ಕೇಳಿ ಲೆಕ್ಕ ಮಾಡಿದರು. ದುಡ್ಡು ಪಡೆಯುವವರ ಕೈಯಲ್ಲಿ ಪೆನ್ನಿರಲಿಲ್ಲ.

ಅಂದಹಾಗೆ, ಬ್ರಿಟನ್ನಿನ ಆ ಅಂಕ ಪದ್ಧತಿಯನ್ನು ಸ್ಕಾಟ್ಲೆಂಡ್ 2016ರಲ್ಲಿ ಕೈಬಿಟ್ಟಿತು. ಅಕ್ಕಪಕ್ಕದ ವೈದ್ಯರು ಗುಂಪಾಗಿ ಕೂತು ತಮ್ಮ ಅಂಕಿಅಂಶಗಳನ್ನು ತಾವೇ ನೋಡಿಕೊಳ್ಳುವ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ಕೆಲವು ಸೂಚಕಗಳ ದುಡ್ಡು ನಿಲ್ಲಿಸಿದಾಗ ಅವುಗಳ ದಾಖಲೆ ಕೂಡಲೇ ಇಳಿದದ್ದೂ 2018ರ ಅಧ್ಯಯನದಲ್ಲಿದೆ. ಒಮ್ಮೆ ದುಡ್ಡಿನ ರುಚಿ ಹತ್ತಿಸಿದ ಕೆಲಸವನ್ನು ದುಡ್ಡಿಲ್ಲದೆ ಮಾಡಿಸುವುದು ಕಷ್ಟ ಎಂದು ಕೆಲವರು ಅದನ್ನು ಓದುತ್ತಾರೆ. ಮಾಡುತ್ತಲೇ ಇದ್ದರು, ಬರೆಯುವುದನ್ನಷ್ಟೇ ಬಿಟ್ಟರು ಎಂದು ಇನ್ನು ಕೆಲವರು.

ಕಲಬುರಗಿಯಲ್ಲಿ ಇದನ್ನು ಸರಿಪಡಿಸಲು ಹೊಸ ಯೋಜನೆಯೇ ಬೇಕೆಂದಿಲ್ಲ. ಪ್ರತಿ ತಿಂಗಳೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಶಾ ಸಭೆ ನಡೆಯುತ್ತದೆ. ಅಕ್ಕಂದಿರು ರಿಜಿಸ್ಟರ್ ಹಿಡಿದು ಬರುತ್ತಾರೆ, ಎಷ್ಟು ಹೆರಿಗೆ, ಎಷ್ಟು ಲಸಿಕೆ, ಎಷ್ಟು ಅರ್ಜಿ ಎಂದು ಒಬ್ಬೊಬ್ಬರಾಗಿ ಎದ್ದುನಿಂತು ಓದುತ್ತಾರೆ. ಆ ಸಭೆಯಲ್ಲಿ ವೈದ್ಯಾಧಿಕಾರಿ ಮೊದಲು ರಿಜಿಸ್ಟರಿನಲ್ಲಿ ಇಲ್ಲದವರ ಹೆಸರು ಕೇಳಬೇಕು. ಗುಳೆ ಹೋದವರು ಯಾರು, ತವರಿಗೆ ಹೋದ ಬಸುರಿಯರು ಎಲ್ಲಿದ್ದಾರೆ, ಗುಳಿಗೆ ಬಿಟ್ಟ ಬಿಪಿಯವರು ಯಾಕೆ ಬಿಟ್ಟರು, ಈ ತಿಂಗಳು ಯಾರ ಮನೆಯಲ್ಲಿ ಸಾವಾಯಿತು. ಸತ್ತ ಮಗುವಿನ ಮನೆಗೆ ಹೋದ ಆಶಾಗೂ ಪೂರ್ತಿ 250 ರೂಪಾಯಿ ಹೋಗಬೇಕು. ಗರ್ಭಚೀಲ ತೆಗೆಸಬೇಕೆಂದು ಖಾಸಗಿಯಲ್ಲಿ ಹೇಳಿಸಿಕೊಂಡ ಪ್ರತಿ ಹೆಣ್ಣಿಗೂ ದುಡ್ಡಿನ ಲೆಕ್ಕವಿಲ್ಲದ ಇನ್ನೊಬ್ಬ ವೈದ್ಯರ ಅಭಿಪ್ರಾಯ ಜಿಮ್ಸ್‌ನಲ್ಲಿ ವಾರದ ಒಂದು ನಿಗದಿತ ದಿನ ಸಿಗಬೇಕು, ಅಲ್ಲಿಗೆ ಹೋಗಿಬರುವ ಬಸ್ ಖರ್ಚು ಸಮೇತ.